ಗಚ್ಚಿನ ಜೋಗುಳ

“ಏ ನಾಗವ್ವಾ! ಕೈಗೆ ಲಕ್ವಾ ಹೊಡದೈತೇನ ರಂಡೆ? ಬಡಿ! ಇಲ್ಲಾಂದ್ರ ಹಾಜರಿ ಪುಸ್ತಕದಾಗಿನ ಹೆಸರ ಹೊಡದ ಹಾಕತೀನಿ!”

ಕೂಲಿಯವರ ಮುಕಾದಮ ಪಂಢರಿನಾಥ ಹೀಗೆ ಒದರಿದ್ದೇ ತಡ, ನಾಗವ್ವನ ಕೈಯೊಳಗಿನ ಕೊಡತಿ ಲಗಾಮು ಹರಿದ ಕುದುರೆಯಂತೆ ಓಡಿತು.

ಪುಣೆಯ ಸದಾಶಿವ ಪೇಟೆಯಲ್ಲಿ ಯಾರೋ ರಾವಸಾಹೇಬರ ಹೊಸ ವಾಡೆ ಏಳುತ್ತಿತ್ತು. ಮಾಳಿಗೆಯ ಮೇಲೆ ಸುಣ್ಣ, ಮರಳು, ಇಟ್ಟಿಗೆಯ ಚೂರು ಕಲಸಿ ಹಸಿ ಗಚ್ಚು ಹಾಸಿದ್ದರು. ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಇಪ್ಪತ್ತು ಹೆಂಗಸರು ಎರಡು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಮರದ ಕೊಡತಿಗಳಿಂದ ಅದನ್ನು ಬಡಿದು ಗಟ್ಟಿ ಮಾಡುತ್ತಿದ್ದರು. ಈ ಕೆಲಸಕ್ಕೆ ಹಾಡು ಬೇಕು. ಮುಂದಾಳು ಎತ್ತಿದ ಹಾಡಿನ ವೇಗಕ್ಕೇ ಎಲ್ಲರ ಕೊಡತಿಯೂ ಬೀಳಬೇಕು, ಒಂದು ಹಿಂದೆ ಒಂದು ಮುಂದೆ ಆದರೆ ಗಚ್ಚು ಅಲೆಅಲೆಯಾಗುತ್ತದೆ.

ಹಾಡು ಎತ್ತುವವಳು ನಾಗವ್ವ. ಅವಳ ಕೈ ಓಡಿದರೆ ಹಾಡು ಓಡುತ್ತಿತ್ತು, ಹಾಡು ಓಡಿದರೆ ಇಪ್ಪತ್ತು ಬೆನ್ನುಗಳೂ ಓಡಬೇಕಾಗುತ್ತಿತ್ತು. ಪಂಢರಿನಾಥನೇನು ದಡ್ಡನಲ್ಲ. ಇಪ್ಪತ್ತು ಜನರನ್ನು ಬೈದು ಗಂಟಲು ಹರಿದುಕೊಳ್ಳುವ ಬದಲು ಒಬ್ಬಳನ್ನು ಬೈದು, ಎಲೆ ಅಡಿಕೆ ಹಾಕಿಕೊಂಡು ನೆರಳಿಗೆ ಕೂಡುತ್ತಿದ್ದ.

ನಾಗವ್ವನ ಕೈಗೆ ಸುಮ್ಮನಿರುವುದು ಮರೆತೇಹೋಗಿತ್ತು. ರೊಟ್ಟಿಯನ್ನು ಅವಳು ಎಷ್ಟು ಬಡಿಯುತ್ತಿದ್ದಳೆಂದರೆ ಅದು ಹಂಚಿಗೆ ಬೀಳುವ ಮೊದಲೇ ಹರಿಯುತ್ತಿತ್ತು. ಹೋದ ಅಮಾವಾಸ್ಯೆಗೆ ಖಂಡೋಬನ ಜೇಜುರಿಗೆ ಹೋದಾಗ ಮಂದಿಯೆಲ್ಲ ಅರಿಸಿನದ ಭಂಡಾರ ಹಾರಿಸುತ್ತಿದ್ದರೆ, ಇವಳು ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಕಲ್ಲು ಬಡಿಯುತ್ತಿದ್ದಳು. ಗಂಡ ಮಲಕಪ್ಪ ಕೈಮುಗಿದಿದ್ದ, ಖಂಡೋಬನಿಗಲ್ಲ, ಇವಳಿಗೆ. “ಮಾರಾಯ್ತಿ, ದೇವರ ಪಾವಟಿಗಿ ಮೊದಲ ಗಟ್ಟಿ ಅದಾವ. ನೀ ಬಡದ ಗಟ್ಟಿ ಮಾಡೂದ ಬ್ಯಾಡ!” ನಾಗವ್ವ ನಕ್ಕಿದ್ದಳು. ಆದರೆ ಮಣಿಕಟ್ಟು ಬಾತು ಬಳೆ ಏರದಂತಾಗಿದ್ದನ್ನು ಅವನಿಗೆ ತೋರಿಸಿರಲಿಲ್ಲ.

ಶುಕ್ರವಾರ ಗೃಹಪ್ರವೇಶದ ಮುಹೂರ್ತವಿತ್ತು. ಮುಹೂರ್ತ ಇಟ್ಟ ಭಟಜಿ ಮಧ್ಯಾಹ್ನ ವಾಡೆ ನೋಡಲು ಬಂದರು. ಹೆಂಗಸರು ನೀರು ಕುಡಿಯಲು ಕೆಳಗಿಳಿದಿದ್ದರು. ಆಳೊಬ್ಬ ಎತ್ತರದಿಂದ ಬೊಗಸೆಗೆ ನೀರು ಸುರಿಯುತ್ತಿದ್ದ, ಅರ್ಧ ಬಾಯಿಗೆ, ಅರ್ಧ ಸೀರೆಗೆ. ಗಚ್ಚಿಗೆ ಹಾಕಲು ಬೆಲ್ಲದ ನೀರು, ಬಡಿಯುವವರಿಗೆ ಬರೀ ನೀರು, ಅದೂ ಅಳೆದು. ಭಟಜಿ ಮಡಿಪಂಚೆ ಎತ್ತಿ ಹಿಡಿದುಕೊಂಡು, ಒಳಗಿನ ಮೆಟ್ಟಿಲು ಮುಟ್ಟಬೇಡಿ, ಹೊರಗಿನ ಬಿದಿರ ಏಣಿ ಹತ್ತಿ ಎಂದು ಮರಾಠಿಯಲ್ಲಿ ಗದರಿದರು.

ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಪಾರವ್ವ ತಲೆ ಬಾಗಿಸಿ ಕನ್ನಡದಲ್ಲಿ ಹೇಳಿದಳು: “ಆತ್ರಿ ಭಟ್ಟರ. ನಿಮ್ಮ ತಲಿ ಮ್ಯಾಲಿನ ಮಾಳಗಿನೂ ನಾವ ಮುಟ್ಟೀವಿ. ಅದನ್ನೂ ಕಿತ್ತ ಒಗದ ಬಯಲಾಗ ಸತ್ಯನಾರಾಯಣ ಮಾಡ್ರಿ.”

ಏನು ಹೇಳಿದಳೆಂದು ಭಟಜಿ ಮುಕಾದಮನನ್ನು ಕೇಳಿದರು. ನಮಸ್ಕಾರ ಹೇಳಿದಳು ಎಂದ ಪಂಢರಿನಾಥ. ಭಟಜಿ ದೂರದಿಂದಲೇ ಆಶೀರ್ವಾದ ಮಾಡಿದರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ಏಣಿ ಹತ್ತಿದರು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಪಂಢರಿನಾಥ ಮತ್ತೆ ಹೆಸರು ಹೊಡೆಯುವ ಮಾತಾಡಿದ, ನಾಗವ್ವ ಮತ್ತೆ ಓಡಿದಳು. ಅವಳ ಹಾಡಿಗೆ ಉಸಿರು ಸಾಲದೆ ಪಾರವ್ವ ಕೊಡತಿಯ ಮೇಲೇ ಮುಗ್ಗರಿಸಿ ಬಿದ್ದಳು.

ನಾಗವ್ವ ಅವಳನ್ನು ಸುಣ್ಣದ ಚೀಲಗಳ ನೆರಳಿಗೆ ಎಳೆದೊಯ್ದು, ಗಚ್ಚಿನ ಬೆಲ್ಲದ ನೀರನ್ನೇ ಕುಡಿಸಿದಳು. ಕಣ್ಣು ಬಿಟ್ಟ ಪಾರವ್ವ ಮೊದಲು ತುಟಿ ಚಪ್ಪರಿಸಿದಳು, ಆಮೇಲೆ ಬೈದಳು.

“ನಿನ್ನ ಹಾಡಿಗೆ ಬೆಂಕಿ ಹಚ್ಚಲಿ, ಹಾಟ್ಯಾನ ಮಗಳ! ನನ್ನ ಹೆಣಾ ಹೊರಾಕ ಶುಕ್ರವಾರದ ಮುಹೂರ್ತಾನ ಇಟ್ಟಿದ್ದೇನ?”

“ನಾ ಬೇಕಂತ ಮಾಡಿಲ್ಲವ್ವಾ. ಕೈ ತಾವ ಓಡತಾವು.”

“ಯಾವಾಗ ಓಡತಾವು, ಅದನ್ನ ಹೇಳ.” ಪಾರವ್ವ ಎದ್ದು ಕೂತಳು. “ನಾ ಆರ ದಿನದಿಂದ ನೋಡಾಕತ್ತೀನಿ. ಆ ಭಾಡ್ಯಾ ನಿನಗ ಮುದುಕಿ ಅಂದ, ನೀ ಓಡಲಿಲ್ಲ. ಅವ್ವ ಅಪ್ಪನ್ನ ಹಿಡದ ಬೈದ, ಓಡಲಿಲ್ಲ. ಹೆಸರ ಹೊಡೀತೀನಿ ಅಂದನೋ, ಮುಗೀತು, ದೆವ್ವ ಬಡದಂಗ. ನೋಡ, ಈಗ ನಾ ಅಂದದ್ದಕ್ಕ ನಿನ್ನ ಕೈ ನೋಡ!”

ನಾಗವ್ವ ನೋಡಿದಳು. ಬಲಗೈ ಅವಳ ತೊಡೆಯನ್ನೇ ಪಟಪಟ ಬಡಿಯುತ್ತಿತ್ತು. ಅದು ತನ್ನ ಕೈಯೇ ಎಂದು ಅವಳಿಗೆ ಹೆದರಿಕೆಯಾಯಿತು.

ಆಗ ನೆನಪಾಯಿತು, ನೆನಪಾದಂತೆ ಪಾರವ್ವನಿಗೆ ಹೇಳುತ್ತ ಹೋದಳು. ಇಪ್ಪತ್ತೆರಡು ವರ್ಷದ ಹಿಂದಿನ ದೊಡ್ಡ ಬರ. ಸರಕಾರದ ಕ್ಯಾಂಪಿನಲ್ಲಿ ರಸ್ತೆಗೆ ಜಲ್ಲಿ ಒಡೆಯುವ ಕೆಲಸ. ಏಳು ವರ್ಷದ ನಾಗವ್ವ, ಪಕ್ಕದಲ್ಲಿ ಅವ್ವ. ಬುಟ್ಟಿ ತುಂಬದ ದಿನ ಹಾಜರಿ ಬರೆಯುವ ಕಾರಕೂನ ಅವ್ವನ ಹೆಸರು ಹೊಡೆದು ಹಾಕಿದ. ಹೆಸರಿಲ್ಲದವರಿಗೆ ಗಂಜಿಯಿಲ್ಲ. ನಾಲ್ಕನೆಯ ದಿನ ಅವ್ವ ಏಳಲೇ ಇಲ್ಲ. ಮಗಳು ಮಾತ್ರ ಕಲ್ಲು ಒಡೆಯುತ್ತಲೇ ಇದ್ದಳು.

“ಅವತ್ತಿಂದ ನಾ ನಿಂತೇ ಇಲ್ಲ ನೋಡ,” ಎಂದಳು ನಾಗವ್ವ. ಹೇಳಿ ಜೋರಾಗಿ ಅತ್ತಳು. ಇಷ್ಟು ವರ್ಷ ಇದನ್ನು ತನ್ನ ಚುರುಕುತನ ಅಂದುಕೊಂಡಿದ್ದಳಲ್ಲ, ಅದಕ್ಕೆ ಅಳುವಿನ ನಡುವೆಯೇ ನಗುವೂ ಬಂತು.

ಪಾರವ್ವ ಅವಳ ಮೂಗು ತನ್ನ ಸೆರಗಿನಿಂದಲೇ ಒರೆಸಿದಳು. “ಆ ಕಾರಕೂನ ಸತ್ತ ಮಣ್ಣಾಗಿರತಾನ. ಇವ ಬ್ಯಾರೆ ಹಡಬಿಟ್ಟಿ. ಇನ್ನೊಮ್ಮೆ ಆ ಮಾತ ಬಂತಂದ್ರ ಕೊಡತಿ ಕೆಳಗಿಡು. ಉಸರ ತಗೊಂಡ ನಿನ್ನ ಹೆಸರ ನೀನ ಹೇಳ್ಕೋ. ಹೊಡದರೂ ಅದ ಎಲ್ಲೂ ಹೋಗಿಲ್ಲ ಅಂತ ಗೊತ್ತಾಗತೈತಿ. ಮರತರ ನಾ ಚಿವುಟತೀನಿ.”

ಇಬ್ಬರೂ ಸಾಲಿಗೆ ಮರಳಿದರು. ಕಾಯುವುದೇನೂ ಬೇಕಾಗಲಿಲ್ಲ, ಪಂಢರಿನಾಥ ಒದರಿದ.

“ಕೂತ ಹರಟೀ ಹೊಡೀತೀರೇನ? ಚಲ, ಲವಕರ! ಲಗೂನ ಬಡೀರಿ! ಹೆಸರ ಹೊಡದ ಹಾಕತೀನಿ!”

ಕೊಡತಿ ಮೇಲೆ ಹಾರಿತು. ಪಾರವ್ವ ಸೊಂಟಕ್ಕೆ ಚಿವುಟಿದ ರಭಸಕ್ಕೆ ನಾಗವ್ವ “ಯವ್ವಾ!” ಎಂದು ಚೀರಿದಳು. ಕೊಡತಿ ಕೆಳಗಿಟ್ಟು, ಎರಡೂ ಅಂಗೈಯನ್ನು ತಣ್ಣನೆಯ ಹಸಿ ಗಚ್ಚಿನ ಮೇಲೆ ಊರಿದಳು. ಬೆರಳು ಅಲ್ಲೂ ಪಟಪಟ ಬಡಿಯುತ್ತಿದ್ದವು. ನಾಗವ್ವ, ಎಂದುಕೊಂಡಳು. ನಾಗವ್ವ. ಮೂರನೆಯ ಸಲಕ್ಕೆ ಬೆರಳು ನಿಂತವು. ಆಮೇಲೆ ಕೊಡತಿ ಎತ್ತಿಕೊಂಡು, ತೊಟ್ಟಿಲು ತೂಗುವ ಧಾಟಿಯಲ್ಲಿ ಹಾಡು ಎತ್ತಿದಳು.

“ಜೋ ಜೋ ಗಚ್ಚೇ, ಸುಣ್ಣದ ಕೂಸೇ,
ಪಾರವ್ವ ದಣದಾಳ, ಸಾವಕಾಶ ಜೋ ಜೋ,
ಭೀಮವ್ವಗ ನಡ ನೋವು, ಸಾವಕಾಶ ಜೋ ಜೋ…”

ಸಾಲು ಒಂದು ಗಳಿಗೆ ಗಲಿಬಿಲಿಗೊಂಡಿತು. ಮರುಗಳಿಗೆ ಇಪ್ಪತ್ತು ಕೊಡತಿಗಳು ಒಂದು ತೂಗಿಗೆ ಒಂದು ಬಡಿತದಂತೆ ಒಟ್ಟಿಗೆ ಬೀಳತೊಡಗಿದವು. ಒಬ್ಬೊಬ್ಬರ ಹೆಸರು ಬಂದಾಗಲೂ ಆ ಹೆಂಗಸು “ಹಾಂ, ನಾ ಇಲ್ಲೇ ಅದೀನಿ!” ಎಂದು ಕೂಗುತ್ತಿದ್ದಳು. ಉಳಿದವರು ಕಿಸಕ್ಕೆಂದು ನಗುತ್ತಿದ್ದರು.

ಪಂಢರಿನಾಥನ ಬಾಯಿಂದ ಎಲೆ ಅಡಿಕೆಯ ಕೆಂಪು ಇಳಿಯಿತು. ಬಗಲಿನ ಪುಸ್ತಕ ತೆಗೆದು ಸೀಸಕಡ್ಡಿ ನೆಕ್ಕಿದ. “ನಾಗವ್ವ! ಇದ ಹೊಡದೆ ನೋಡ!”

ನಾಗವ್ವ ಎದ್ದು ನಿಂತಳು. ಎದೆ ಬಡಿದುಕೊಳ್ಳುತ್ತಿತ್ತು, ಕೈ ಮಾತ್ರ ಬಡಿಯಲಿಲ್ಲ.

“ಹೊಡಿ,” ಎಂದಳು. “ಇಪ್ಪತ್ತೂ ಹೊಡಿ. ಬಿಸಲ ನೋಡೀಯೇನ? ಸಂಜೀತನಾ ಬಡೀದಿದ್ರ ಗಚ್ಚ ಸೀಳ ಬಿಡತೈತಿ. ಶುಕ್ರವಾರ ರಾವಸಾಹೇಬ್ರ ತಲಿ ಮ್ಯಾಲ ಮುಗಲ ಕಾಣತೈತಿ. ತಗೋ.”

ಅವನ ಕೈಗೆ ಕೊಡತಿ ಕೊಟ್ಟಳು. ಹಿಂದೆಯೇ ಹತ್ತೊಂಬತ್ತು ಕೊಡತಿಗಳು ಒಂದರ ಮೇಲೊಂದು ಅವನ ಕಾಲ ಬಳಿ ಬಂದು ಬಿದ್ದವು.

ಕೆಲಸ ನೋಡಲು ಬಂದಿದ್ದ ರಾವಸಾಹೇಬರ ಧ್ವನಿ ಕೆಳಗಿನಿಂದ ಬಂತು, ಬಡಿತ ಯಾಕೆ ನಿಂತಿತು ಎಂದು.

ಪಂಢರಿನಾಥ ಏಣಿಯ ಕಡೆ ನೋಡಿದ, ಗಚ್ಚಿನ ಕಡೆ ನೋಡಿದ. ಪೇಟ ತೆಗೆದು ಪಕ್ಕಕ್ಕಿಟ್ಟ. ಪುಸ್ತಕ ಕೈಯಿಂದ ಜಾರಿ ಸುಣ್ಣದ ನೀರಿಗೆ ಬಿತ್ತು. ಕುಕ್ಕರಗಾಲಲ್ಲಿ ಕೂತು, ರಾವಸಾಹೇಬರಿಗೆ ಕೇಳಿಸಲೆಂದು ಟಪಟಪ ಬಡಿಯತೊಡಗಿದ.

ಇಪ್ಪತ್ತು ಹೆಂಗಸರು ಕಾಲು ಚಾಚಿ ಅವನ ಸುತ್ತ ಕೂತರು. ನಾಗವ್ವ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವು ಅಲ್ಲೇ ಸುಮ್ಮನೆ ಇದ್ದವು.

ಪಾರವ್ವ ಬೆಲ್ಲದ ನೀರಿನ ಗಡಿಗೆಯನ್ನು ಬಾಯಿಗೆ ಎತ್ತಿ, ಕುಡಿದು, ಬಾಯಿ ಒರೆಸಿಕೊಂಡಳು.

“ಸಾವಕಾಶ, ಪಂಢರ್ಯಾ, ಸಾವಕಾಶ,” ಎಂದಳು. “ಹಾಡಿನ ಕೂಡ ಬಡಿ. ಇಲ್ಲಾಂದ್ರ ಹೆಸರ ಹೊಡದ ಹಾಕತೀವಿ.”