ಹತ್ತು ಎಣಿಸುವವರೆಗೆ

ದಿನಾ ಬೆಳಿಗ್ಗೆ ನಮ್ಮವರು ಬನಿಯನ್ ಮೇಲೆತ್ತಿಕೊಂಡು, ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಹಳೆಯ ಪಟ್ಟಿಯನ್ನು ಕಿತ್ತು, ಹೊಸದನ್ನು ಅಂಟಿಸಿ, ಅದರ ಮೇಲೆ ಅಂಗೈ ಒತ್ತಿ ಗಟ್ಟಿಯಾಗಿ ಹತ್ತು ಎಣಿಸುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಗಂಡನ ಬೆನ್ನ ಮೇಲೆ ಅಷ್ಟು ಹೊತ್ತು ಸುಮ್ಮನೆ ಕೈಯಿಟ್ಟು ನಿಂತದ್ದು ಅದೇ ಮೊದಲು. ಸುಳ್ಳೇಕೆ ಹೇಳಲಿ, ನನಗೆ ಆ ಎಣಿಕೆ ಇಷ್ಟವಾಗಿತ್ತು.

ಸಿಗರೇಟು ಬಿಡಿಸುವ ನಿಕೋಟಿನ್ ಪಟ್ಟಿ ಅದು. ಮಗಳು ಚಾರುವಿಗೆ ಆಗ ಏಳು ವರ್ಷ, ಹುಟ್ಟಿದಾಗಿನಿಂದ ಉಬ್ಬಸ. "ಮನೇಲಿ ಹೊಗೆ ನಿಲ್ಲದಿದ್ರೆ ಈ ಮಗೂಗೆ ನಾನೇನೂ ಮಾಡೋಕಾಗಲ್ಲ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿ, ಇವರಿಗೆ ಪಟ್ಟಿ ಬರೆದುಕೊಟ್ಟರು. ಪಟ್ಟಿ ಮೈಮೇಲಿರುವಾಗ ಸೇದಲೇಬಾರದೆಂದೂ ಎಚ್ಚರಿಸಿದರು. ತೋಳಿಗೆ ಅಂಟಿಸಿದರೆ ತುರಿಕೆ ಎಂದು ಇವರು ಕಿತ್ತುಬಿಡುತ್ತಿದ್ದರು. ಅದಕ್ಕೇ ನಾನು ಬೆನ್ನು ಹುಡುಕಿದೆ. ಒಂದು ದಿನ ಎಡಗಡೆ, ಒಂದು ದಿನ ಬಲಗಡೆ, ಅವರ ಕೈ ಎಟುಕದ ಜಾಗದಲ್ಲಿ.

"ಬಲು ಕಿಲಾಡಿ ಕಣೇ ನೀನು" ಎಂದು ನಕ್ಕಿದ್ದರು.

ನಾನು ರವಿಕೆ ಹೊಲಿಯುವವಳು. ಸಂಜೆ ಹೊಲಿದದ್ದನ್ನು ಅಂಗಡಿಗೆ ಕೊಟ್ಟು ಬರುವಷ್ಟರಲ್ಲಿ, ಆಫೀಸಿನಿಂದ ಬಂದ ಇವರು ಸ್ನಾನ ಮುಗಿಸಿ, ಸೋಪಿನ ಘಮ ಬೀರುತ್ತ ಮಗಳಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಅಬ್ಬಾ, ಮನುಷ್ಯ ಬದಲಾದ ಎಂದು ಹಿಗ್ಗಿದೆ. ಬೆಳಿಗ್ಗೆ ನೋಡಿದರೆ ಪಟ್ಟಿ ಒಂದು ಬೆರಳಷ್ಟು ಕೆಳಗೆ, ಓರೆಯಾಗಿರುತ್ತಿತ್ತು. ನಿದ್ದೆಯಲ್ಲಿ ಹೊರಳಾಡಿದ್ದಕ್ಕಿರಬೇಕು ಅಂದುಕೊಂಡೆ.

ಆದರೆ ಚಾರುವಿನ ಎದೆಯ ಸುಂಯ್ ಸದ್ದು ಹೆಚ್ಚುತ್ತಲೇ ಹೋಯಿತು.

"ನಿನ್ನ ಬಟ್ಟೆ ಧೂಳೇ ಇರಬೇಕು ಕಣೇ" ಎಂದರು ಇವರು. ನಾನು ನಂಬಿದೆ! ನನ್ನ ಕೈಯಾರೆ ಮಗುವಿನ ಉಸಿರು ಕಟ್ಟಿಸುತ್ತಿದ್ದೇನಲ್ಲ ಎಂದು ಅಡುಗೆಮನೆಯಲ್ಲಿ ಕೂತು ಅತ್ತೆ. ಹೊಲಿಗೆ ಮಿಷನ್ನನ್ನು ಜಗಲಿಗೆ ಸಾಗಿಸಿ, ಬಿಸಿಲಲ್ಲಿ ಕೂತು ಹೊಲಿದೆ. ಅದನ್ನು ಹೊರಗಿಡುವಾಗ ಇನ್ನೊಂದು ತುದಿ ಹಿಡಿದವರೂ ಇವರೇ.

ಇಪ್ಪತ್ತನೆಯ ದಿನ ಬೆಳಿಗ್ಗೆ, ಕೀಳಲೆಂದು ನೋಡಿದರೆ ಪಟ್ಟಿಯ ಮೂಲೆಯಲ್ಲಿ ಒಂದು ಸ್ಟಿಕ್ಕರ್ ಬೊಟ್ಟು!

ಗಂಡನ ಬೆನ್ನ ಮೇಲೆ ಬೊಟ್ಟು ಕಂಡರೆ ಯಾವ ಹೆಂಗಸಿಗಾದರೂ ಏನನ್ನಿಸುತ್ತದೋ ನನಗೂ ಅದೇ ಅನ್ನಿಸಿತು. ಬಗ್ಗಿ ನೋಡಿದೆ. ಕಪ್ಪು ಬೊಟ್ಟು, ಮೆಣಸಿನ ಕಾಳಿನಷ್ಟು. ಸಂತೆಯಲ್ಲಿ ನಾನೇ ಚಾರುವಿಗೆಂದು ಆರಿಸಿ ತಂದದ್ದು.

"ಚಾರೂ, ಬಾ ಇಲ್ಲಿ. ಇದನ್ನ ಯಾರು ಅಂಟಿಸಿದ್ದು?"

ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದವಳು ಮೊದಲು ಅಪ್ಪನ ಮುಖ ನೋಡಿದಳು.

"ನಾನೇ. ನಿನ್ನೆ ತೆಗೆಯೋವಾಗ ಮೂಲೆ ಮಡಚ್ಕೊಂಡ್ಬಿಡ್ತಮ್ಮಾ, ಮತ್ತೆ ಅಂಟಲೇ ಇಲ್ಲ..." ಎಂದವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು.

ಇವರು ತಿರುಗಲಿಲ್ಲ. ಬೆನ್ನು ಹಾಗೆಯೇ ಇತ್ತು.

"ದಿನಕ್ಕೆ ಒಂದೇ ಒಂದು ಕಣೇ, ಹಿತ್ತಲಲ್ಲಿ. ಪಟ್ಟಿ ಇದ್ದಾಗ ಸೇದಬಾರ್ದು ಅಂದಿದ್ರಲ್ಲ ಡಾಕ್ಟರು, ಅದಕ್ಕೇ ತೆಗೆಸ್ತಿದ್ದೆ."

"ಆಹಾ, ಡಾಕ್ಟರ ಮಾತು ಮೀರದ ಸಜ್ಜನರು! ಮಗು ಕೈಲೇನ್ರೀ ತೆಗೆಸೋದು? ಯಾರ ಉಸಿರಿಗೋಸ್ಕರ ಬಿಡಿ ಅಂದ್ರೋ ಅವಳ ಕೈಲೇ?"

"ನನ್ನ ಕೈ ಎಟುಕಲ್ವಲ್ಲೇ" ಎಂದರು ಸಣ್ಣ ದನಿಯಲ್ಲಿ.

ಬೇರೆ ಯಾವಳದೋ ಬೊಟ್ಟಾಗಿದ್ದರೆ ಬಾಯ್ತುಂಬ ಬೈಯಲು ನನಗೆ ಒಬ್ಬಳಾದರೂ ಸಿಗುತ್ತಿದ್ದಳು. ಇವಳನ್ನು ಏನೆಂದು ಬೈಯಲಿ? ಇಷ್ಟು ದಿನ ಅಪ್ಪನೂ ಮಗಳೂ ಒಂದಾಗಿ, ಸಂಜೆ ನನಗೆ ಬಾಗಿಲು ತೆಗೆದು ನಗುತ್ತಿದ್ದರಲ್ಲ! ಕಣ್ಣೊರೆಸಿಕೊಳ್ಳುತ್ತ ಗೋಡೆಗೊರಗಿದೆ. ಚಾರು ಹತ್ತಿರ ಬಂದು ಸೆರಗು ಹಿಡಿದಳು.

"ಅಳಬೇಡಮ್ಮಾ. ನಂಗೇನೂ ಆಗಲ್ಲ. ಅಪ್ಪನ ಹತ್ರ ಹೊಗೆ ವಾಸನೆ ಇರುತ್ತಲ್ಲ, ಅದಕ್ಕೇ ನಾನು ಉಸಿರು ಹಿಡ್ಕೊಂಡೇ ಅಂಟಿಸ್ತೀನಿ. ನಿನ್ನ ಥರಾನೇ ಒತ್ತಿ ಹಿಡ್ದು, ಮನಸ್ಸಲ್ಲೇ ಹತ್ತು ಎಣಿಸ್ತೀನಿ. ಅಲ್ಲೀವರೆಗೂ ಉಸಿರೇ ಬಿಡಲ್ಲ."

ಆಗ ಇವರು ಅತ್ತರು. ಬೆನ್ನು ಅಲುಗುತ್ತಿದ್ದುದು ಕಾಣಿಸಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ.

ಹೊಸ ಪಟ್ಟಿ ಕೈಯಲ್ಲೇ ಇತ್ತು. ಹರಿದು ಬಿಸಾಡಬೇಕೆನ್ನಿಸಿತು. ಆದರೆ ಉಬ್ಬಸ ನನ್ನದಲ್ಲ, ಚಾರುವಿನದು. ಹಲ್ಲು ಕಚ್ಚಿ ಅವರ ಬೆನ್ನಿಗೆ ಅಂಟಿಸಿ, ಅಂಗೈ ಒತ್ತಿ ಎಣಿಸತೊಡಗಿದೆ. ನಾಲ್ಕಕ್ಕೋ ಐದಕ್ಕೋ ಎಣಿಕೆ ನಿಂತುಹೋಯಿತು. ಮನೆಯಲ್ಲಿ ಸುಂಯ್ ಎನ್ನುವ ಸದ್ದೂ ಇರಲಿಲ್ಲ.

ತಿರುಗಿ ನೋಡಿದೆ. ಬಾಚಣಿಗೆಯನ್ನು ಎದೆಗೊತ್ತಿಕೊಂಡು, ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದು ನಿಂತಿದ್ದ ಚಾರು, ನಾನು ಹತ್ತು ಅನ್ನುವುದನ್ನೇ ಕಾಯುತ್ತಿದ್ದಳು.