ಪಟೇಲನ ಕಾರಿನ ತೊಗಲು

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಪಟೇಲ ನಂಜುಂಡಪ್ಪ ತಾನು ಕೊಂಡ ಕಾರನ್ನು ವಾಪಸು ಕೊಡಲು ಹೊರಟ. ಸ್ಟಿಯರಿಂಗ್ ಹಿಡಿದವನು ಅವನ ಭಾವಮೈದ ಗೋವಿಂದಪ್ಪ. ಎರಡೂ ಕಡೆ ಫುಟ್‌ಬೋರ್ಡಿನ ಮೇಲೆ ಆಳುಗಳು ಬಾರುಕೋಲು ಹಿಡಿದು ನಿಂತಿದ್ದರು. ಪಟೇಲ ಹಿಂದಿನ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಸಿಕೊಂಡು, ತೊಗಲು ಮೈಗೆ ತಾಗದಂತೆ ಮುದುರಿ ಕೂತಿದ್ದ. ವಾಪಸು ಕೊಡುವುದು ಎಂದರೆ ಅವನ ಪ್ರಕಾರ ಇಷ್ಟು: ಕಾರನ್ನು ಮಾರಿದವನ ಮುಂದೆ ಬಿಸಾಡಬೇಕು, ಅದಕ್ಕೆ ಬದಲಾಗಿ ಕೊಟ್ಟಿದ್ದ ಕೆರೆ ಕೆಳಗಿನ ಗದ್ದೆಯನ್ನು ಕಿತ್ತುಕೊಳ್ಳಬೇಕು, ಬಾಯಿ ತೆಗೆದರೆ ಹಲ್ಲು ಉದುರಿಸಬೇಕು.

ಮಾರಿದವನು ಮಾದಿಗರ ಕೇರಿಯ ಮುನಿಬೈರಪ್ಪ. ಯುದ್ಧದಲ್ಲಿ ಬರ್ಮಾ ಗಡಿಯವರೆಗೆ ಲಾರಿ ಓಡಿಸಿ ಬಂದವನು. ಆಮೇಲೆ ಬೆಂಗಳೂರು ದಂಡಿನಲ್ಲಿ ಒಬ್ಬ ಬಿಳಿ ಇಂಜಿನಿಯರನಿಗೆ ಡ್ರೈವರಾಗಿದ್ದ. ಸ್ವಾತಂತ್ರ್ಯ ಬಂದು ದೊರೆ ಹಡಗು ಹತ್ತುವಾಗ, ಕೊಡದೆ ಉಳಿಸಿಕೊಂಡಿದ್ದ ಸಂಬಳಕ್ಕೆ ಬದಲು ಶೆಡ್ಡಿನಲ್ಲಿ ಕೆಟ್ಟು ನಿಂತಿದ್ದ ಹಳೆಯ ವಿಲಾಯಿತಿ ಕಾರನ್ನು ಬರೆದುಕೊಟ್ಟಿದ್ದ. ಮುನಿಬೈರಪ್ಪ ಬಾಡಿಗೆ ಎತ್ತು ಕಟ್ಟಿ ಅದನ್ನು ಮೈಸೂರು ರಸ್ತೆಯುದ್ದಕ್ಕೂ ಎಳೆಸಿಕೊಂಡು ಬಂದ. ಕೆಂಗೇರಿ ದಾಟಿ, ಉಲ್ಲಾಳದ ಕಡೆಯ ಗಾಡಿಜಾಡಿಗೆ ತಿರುಗಿ ಅದು ಕೇರಿಗೆ ಬಂದಾಗ ಊರಿನವರು ಜಗಲಿಗಳ ಮೇಲೆ ನಿಂತು ನಕ್ಕರು. ಎಂಜಿನ್ನನ್ನು ಬಿಚ್ಚಿ, ಸಿಕ್ಕ ಸಿಕ್ಕ ಗುಜರಿಯಲ್ಲಿ ಸಾಮಾನು ಹೊಂದಿಸಿ, ಅವನು ಅದಕ್ಕೆ ಜೀವ ತಂದ ದಿನ ಯಾರೂ ನಗಲಿಲ್ಲ. ಊರಿನ ಬೀದಿಯಲ್ಲಿ ಕಾರು ಓಡಿಸಕೂಡದು ಎಂದು ಮಾತ್ರ ಹೇಳಿ ಕಳಿಸಿದರು.

ಸೀಟುಗಳನ್ನು ಇಲಿಗಳು ತಿಂದು ಮುಗಿಸಿದ್ದವು. ಆ ವರ್ಷ ಪಟೇಲನ ಬಲಗಡೆಯ ಎತ್ತು ಸತ್ತಿತು. ಊರಿನ ಸತ್ತ ದನ ಹೊರುವುದು ಕೇರಿಯವರ ಪಾಲಿನ ಬಿಟ್ಟಿ ಕೆಲಸ. ಹೊತ್ತದ್ದಕ್ಕೆ ತೊಗಲು ಅವರದು. ಮುನಿಬೈರಪ್ಪನ ಹೆಂಡತಿ ನೀಲಮ್ಮ ಆ ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ತಂಗಡಿ ತೊಗಟೆಯ ನೀರಿನಲ್ಲಿ ಹದ ಮಾಡಿ, ಸೀಟಿನ ಅಳತೆಗೆ ಕೊಯ್ದು ಹೊಲಿದಳು. ಪಟೇಲನ ಮನೆಯ ದನಗಳಿಗೆಲ್ಲ ತೊಡೆಯ ಮೇಲೆ ಅರ್ಧಚಂದ್ರದ ಬರೆ ಹಾಕುತ್ತಿದ್ದರು. ಆ ಗಾಯದ ಜಾಗ ಸೀಟಿನ ಅಡಿಭಾಗಕ್ಕೆ ಬರುವಂತೆ ಅವಳು ಮಡಚಿ ಹೊಲಿದಳು. ಒಳ್ಳೆಯ ಕೆಲಸದಲ್ಲಿ ಗಾಯ ಮೇಲೆ ಕಾಣಬಾರದು.

ಪಟೇಲನಿಗೆ ಕಾರು ಬೇಕೆನಿಸಿದ್ದು ತಾಲ್ಲೂಕು ಬೋರ್ಡಿನ ಚುನಾವಣೆಗೆ ನಿಲ್ಲುವ ಆಸೆ ಹುಟ್ಟಿದ ಮೇಲೆ. ರಾಜಾಜಿನಗರದಲ್ಲಿ ಹೊಸದಾಗಿ ಸೈಟು ಹಿಡಿದವರೆಲ್ಲ ಕಾರಿನಲ್ಲಿ ಓಡಾಡುವಾಗ ಅವನು ಜಟಕಾದಲ್ಲಿ ಹೋಗಿ ಇಳಿಯಬೇಕಾಗಿತ್ತು. ಮುನಿಬೈರಪ್ಪನನ್ನು ಕಾರಿನ ಸಮೇತ ಹಿತ್ತಲಿಗೆ ಕರೆಸಿದ. ಕಾರಿಗೆ ಬದಲು ಕೆರೆ ಕೆಳಗಿನ ಜೌಗನ್ನು ಬರೆದುಕೊಡುತ್ತೇನೆ ಎಂದ. ಎಮ್ಮೆ ಇಳಿದರೆ ಎಮ್ಮೆಯೇ ಹೂತುಹೋಗುವ ನೆಲ ಅದು. ಅಪ್ಪನ ಕಾಲದಿಂದ ಅದರಲ್ಲಿ ಜೊಂಡು ಬಿಟ್ಟು ಬೇರೇನೂ ಬೆಳೆದಿರಲಿಲ್ಲ. ಆದರೂ ಮುನಿಬೈರಪ್ಪ ಒಪ್ಪಿದ. ಕೇರಿಯವರ ಹೆಸರಿನಲ್ಲಿ ಅಂಗೈಯಗಲ ನೆಲವೂ ಇಲ್ಲದಿದ್ದ ಊರು ಅದು. ಒಪ್ಪುವ ಮೊದಲು ಒಂದು ಮಾತು ಹೇಳಿದ.

"ಸೀಟು ನಮ್ಮೋಳೇ ಹೊಲ್ದಿರೋದು ಬುದ್ಧಿ. ತೊಗ್ಲು ನಿಮ್ಮ ಕೊಟ್ಟಿಗೇದೇ, ಹೋದ್ವರ್ಸ ಸತ್ತ ಎತ್ತಿಂದು. ಆಮ್ಯಾಕೆ ಮಾತು ಬರಬಾರ್ದು, ಅದ್ಕೆ ಮೊದ್ಲೇ ಹೇಳ್ತಾ ಇವ್ನಿ."

ಪಟೇಲ ಸೀಟನ್ನು ತಟ್ಟಿ ನೋಡಿ ನಕ್ಕಿದ್ದ. "ಬದುಕಿದ್ದಾಗ ಗಾಡಿ ಎಳೀತು, ಸತ್ತ ಮ್ಯಾಕೆ ಕಾರಲ್ಲಿ ಕೂರುಸ್ತದೆ. ಕಾರಿಗೆಲ್ಲಿ ಮೈಲಿಗೆ ಬಂತಲೇ. ಚಕ್ರ ತಿರುಗಿದ್ರೆ ಆಯ್ತು." ಗೋವಿಂದಪ್ಪನೂ ಪಕ್ಕದಲ್ಲಿ ನಿಂತು ನಕ್ಕಿದ್ದ.

ರಿಜಿಸ್ಟ್ರಿ ಆಯಿತು. ಇಡೀ ಕೇರಿ ಗುದ್ದಲಿ ಹಿಡಿದು ಜೌಗಿಗೆ ಇಳಿಯಿತು. ಹೆಂಗಸರು ಕೆಸರು ಹೊತ್ತರು, ಗಂಡಸರು ಕೋಡಿಹಳ್ಳದವರೆಗೆ ಕಾಲುವೆ ತೋಡಿದರು. ಕಾಲು ಕೊಳೆತು ಉಗುರು ಉದುರಿದವು. ನೀರು ಬಸಿದು ಹೋದ ಮೇಲೆ ಕಪ್ಪು ಮಣ್ಣು ಮೇಲೆದ್ದಿತು. ಈ ವರ್ಷ ಆ ಮಣ್ಣಿನಲ್ಲಿ ಭತ್ತ ಸೊಂಟದೆತ್ತರ ನಿಂತು ಹಾಲು ತುಂಬಿಕೊಂಡಿತ್ತು. ಪಟೇಲ ಕೆರೆ ಏರಿಯ ಮೇಲೆ ಕಾರಿನಲ್ಲಿ ಹೋಗುವಾಗ ಅದನ್ನು ನೋಡುತ್ತಿದ್ದ. ನೋಡಿದ ದಿನ ರಾತ್ರಿ ಅವನಿಗೆ ಅನ್ನ ಸೇರುತ್ತಿರಲಿಲ್ಲ ಎಂದು ಅವನ ಮನೆಯ ಆಳೇ ಕೇರಿಯಲ್ಲಿ ಹೇಳಿಕೊಂಡು ನಗುತ್ತಿದ್ದ.

ವಿಜಯದಶಮಿಗೆ ಮುತ್ತುರಾಯಸ್ವಾಮಿಯ ಪಲ್ಲಕ್ಕಿ ಹೊರುವ ಕೋಲು ಸೀಳಿತ್ತು. ದೇವರು ಈ ಸಲ ನನ್ನ ಕಾರಿನಲ್ಲೇ ಬನ್ನಿಮರಕ್ಕೆ ಹೋಗಲಿ ಎಂದು ಪಟೇಲ ಮುಂದೆ ಬಂದ. ಸುತ್ತ ಊರಿನವರು ನೋಡಲಿ ಎಂಬುದು ಅವನ ಲೆಕ್ಕ. ಉತ್ಸವಮೂರ್ತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಹಗ್ಗದಿಂದ ಬಿಗಿದರು. ಬನ್ನಿಮರದ ಹತ್ತಿರ ಹಗ್ಗದ ಗಂಟು ಬಿಚ್ಚಲು ಪೂಜಾರಿ ಸೀಟಿನ ಅಂಚನ್ನು ಎತ್ತಿ ಹಿಡಿದ. ಅಡಿಯಲ್ಲಿ ಅರ್ಧಚಂದ್ರ ಕಂಡಿತು. ಆ ಮುದ್ರೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಸತ್ತ ದನದ ಮೇಲೆ, ಅದೂ ಮಾದಿಗಿತ್ತಿ ಹೊಲಿದ ತೊಗಲಿನ ಮೇಲೆ ದೇವರನ್ನು ಮೆರೆಸಿದೆಯಲ್ಲೋ ಎಂದು ಊರಿನ ಹಿರಿಯರು ಪಟೇಲನ ಮೇಲೆ ಬಿದ್ದರು. ದೇವಸ್ಥಾನದ ಮೊದಲ ಮಂಗಳಾರತಿ ಇನ್ನು ನಿನ್ನ ಮನೆಗಿಲ್ಲ ಎಂದರು. ವಿಲಾಯಿತಿಯ ತೊಗಲು ಇದ್ದಿದ್ದರೆ ಅದು ಯಾವ ದನದ್ದೆಂದು ಯಾರೂ ಕೇಳುತ್ತಿರಲಿಲ್ಲ. ಮೋಸ ಮಾಡಿ ಮಾರಿದ, ನನಗೇನೂ ಗೊತ್ತಿರಲಿಲ್ಲ ಎಂದು ಪಟೇಲ ಮುತ್ತುರಾಯನ ಮುಂದೆ ಆಣೆ ಇಟ್ಟ.

ಮಾರನೆಯ ಬೆಳಿಗ್ಗೆ ಕಾರು ಗದ್ದೆಯ ಬದುವಿನ ಹತ್ತಿರ ನಿಂತಾಗ ಮುನಿಬೈರಪ್ಪ ಕಾಲುವೆಯ ಹೂಳು ತೆಗೆಯುತ್ತಿದ್ದ. ನೀಲಮ್ಮ ಬದುವಿನ ಹುಲ್ಲು ಕೊಯ್ಯುತ್ತಿದ್ದಳು. ಅವಳ ಕೈಯಲ್ಲಿದ್ದದ್ದು ತೊಗಲು ಕೊಯ್ಯುವ ರಂಪಿಗೆ. ಬೇರೆ ಕುಡುಗೋಲು ಆ ಮನೆಯಲ್ಲಿರಲಿಲ್ಲ.

ಪಟೇಲ ಇಳಿಯಲಿಲ್ಲ. ಕಾರು ತಗೋ, ನೆಲ ಬಿಡು, ಮೋಸದ ವ್ಯಾಪಾರ ನನಗೆ ಬೇಡ ಎಂದ. ನೆಲ ಬಿಟ್ಟುಕೊಟ್ಟೆ ಎಂದು ಬರೆಸಿ ತಂದಿದ್ದ ಕಾಗದವನ್ನೂ ಒಬ್ಬ ಆಳು ಶಾಯಿಯ ಡಬ್ಬಿಯನ್ನೂ ಮುಂದೆ ಹಿಡಿದ. ಮುನಿಬೈರಪ್ಪ ಕೈಯ ಕೆಸರು ಒರೆಸಿಕೊಂಡು, ಹಿತ್ತಲಲ್ಲಿ ಅವತ್ತು ಆಡಿದ ಮಾತನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿದ. ತನ್ನ ಮಾತನ್ನೂ ಹೇಳಿದ, ಪಟೇಲನ ಮಾತನ್ನೂ ಹೇಳಿದ, ಗೋವಿಂದಪ್ಪ ನಕ್ಕದ್ದನ್ನೂ ಹೇಳಿದ. ಆಳುಗಳು ಕೇಳಿಸಿಕೊಂಡರು. ಆಣೆ ಇಟ್ಟ ಬಾಯಿಯ ಸುಳ್ಳು ಅವರ ಕಿವಿಗೆ ಬಿತ್ತು.

ಮೊದಲ ಏಟು ಬೆನ್ನಿಗೆ ಬಿತ್ತು, ಎರಡನೆಯದು ಮೊಣಕಾಲಿಗೆ. ಬಾರುಕೋಲಿನ ತುದಿಯ ಮೊಳೆ ಅವನ ಹೆಗಲಿನ ಮಾಂಸ ಕಿತ್ತುಕೊಂಡು ಬಂದಿತು. ಕೆಸರಿಗೆ ಬಿದ್ದವನ ಪಕ್ಕೆಗೆ ಒದ್ದರು. ಅವನು ಎದ್ದು ಕೂತು ಒಂದು ಹಲ್ಲನ್ನು ಉಗಿದ.

"ಹೆಬ್ಬೆಟ್ಟು ಒತ್ತಲೇ," ಅಂದ ಕಾರಿನಿಂದ ಇಳಿದಿದ್ದ ಗೋವಿಂದಪ್ಪ.

"ನಾನು ರುಜು ಹಾಕೋನು. ಹಾಕಾಕಿಲ್ಲ."

ಪಟೇಲನ ಕಣ್ಣು ಭತ್ತದ ಮೇಲೆ ಹೋಯಿತು. ಇವನ ಜೀವ ಇರುವುದು ಇದರಲ್ಲಿ, ಇದರ ಮೇಲೆ ಹತ್ತಿಸು ಎಂದ. ಗೋವಿಂದಪ್ಪ ಮತ್ತೆ ಸ್ಟಿಯರಿಂಗಿಗೆ ಬಂದ. ಕಾರು ಬದು ಮುರಿದುಕೊಂಡು ಗದ್ದೆಗೆ ಇಳಿಯಿತು. ಹಾಲು ತುಂಬಿದ ತೆನೆಗಳು ಬಂಪರಿನ ಕೆಳಗೆ ಸಾಲು ಸಾಲಾಗಿ ಮಲಗಿದವು. ನೀಲಮ್ಮ ಅಡ್ಡ ಓಡಿದಳು. ಒಬ್ಬ ಆಳು ಅವಳ ಜಡೆ ಹಿಡಿದು ಎಳೆದು ಕೆಡವಿದ. ಕಾರು ಗದ್ದೆಯ ನಡುವಿನವರೆಗೆ ಹೋಯಿತು. ಅಲ್ಲಿ ಅದರ ಹಿಂದಿನ ಚಕ್ರಗಳು ಒಮ್ಮೆ ಕೂಗಿ, ಮೇಲಿನ ಗಟ್ಟಿ ಪದರ ಒಡೆದು, ಒಳಗಿನ ಹಳೆಯ ಜೌಗಿಗೆ ಇಳಿದವು. ತಾನು ಎಂಥ ನೆಲ ಕೊಟ್ಟಿದ್ದೆ ಎಂಬುದನ್ನು ಪಟೇಲ ಮರೆತಿದ್ದ. ಎಂಜಿನ್ ಹೆಚ್ಚಿಸಿದಷ್ಟೂ ಕಾರು ಕೂತಿತು. ಫುಟ್‌ಬೋರ್ಡಿಗೆ ಕೆಸರು ಹತ್ತಿತು.

ಸದ್ದು ಕೇಳಿ ಕೇರಿಯವರು ಬದುವಿನ ಮೇಲೆ ಬಂದು ನಿಂತಿದ್ದರು. ತಳ್ಳಿ ಬನ್ರೋ ಎಂದು ಪಟೇಲ ಕೂಗಿದ. ಹುಟ್ಟಿದಾಗಿನಿಂದ ಅವನು ಕೂಗಿದಾಗ ಬಂದವರು ಅವರು. ಒಬ್ಬರೂ ಕಾಲು ಕೀಳಲಿಲ್ಲ. ಮುಂದೆ ನಿಂತ ಮುದುಕಿ ಹನುಮಕ್ಕ ಎಲೆಅಡಿಕೆಯ ಕೆಂಪನ್ನು ಅವನತ್ತ ಉಗಿದು ಬಾಯಿ ಒರೆಸಿಕೊಂಡಳು.

ಗೋವಿಂದಪ್ಪನ ತಲೆ ಕೆಟ್ಟಿತು. ಆಳುಗಳಿಂದ ಮುನಿಬೈರಪ್ಪನನ್ನು ಕಾರಿನವರೆಗೆ ಎಳೆಸಿದ.

"ರುಜು ಹಾಕೋ ಕೈ ಯಾವುದಲೇ?"

ಉತ್ತರಕ್ಕೆ ಕಾಯಲಿಲ್ಲ. ಅವನ ಬಲಗೈಯನ್ನು ಬಾಗಿಲ ಸಂದಿಗೆ ಇಟ್ಟು, ಬಾಗಿಲನ್ನು ಎರಡೂ ಕೈಯಿಂದ ಬಡಿದ. ಆ ಬಾಗಿಲು ಸರಿಯಾಗಿ ಕೂರುವಂತೆ ಮುನಿಬೈರಪ್ಪನೇ ಅದರ ಅಂಚನ್ನು ವಾರಗಟ್ಟಲೆ ಅರ ಹಾಕಿ ಉಜ್ಜಿದ್ದ. ಮೂಳೆ ಮುರಿದ ಸದ್ದು ಬದುವಿನವರೆಗೆ ಕೇಳಿಸಿತು. ಬಾಗಿಲು ತೆಗೆದಾಗ ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು. ಗೋವಿಂದಪ್ಪ ಅದೇ ಕೈಯ ಹೆಬ್ಬೆರಳನ್ನು ಹಿಡಿದು ಶಾಯಿಗೆ ಅದ್ದಲು ಬಗ್ಗಿದ.

ನೀಲಮ್ಮನ ಜಡೆ ಹಿಡಿದಿದ್ದವನ ಕೈಯಲ್ಲಿ ಕೂದಲಿನ ಒಂದು ಗೊಂಚಲು ಮಾತ್ರ ಉಳಿಯಿತು. ಅವಳು ಕೆಸರಿನಲ್ಲಿ ತೆವಳಿಕೊಂಡು ಬಂದು, ಗೋವಿಂದಪ್ಪನ ಮುಂಗೈಗೆ ರಂಪಿಗೆ ಇಳಿಸಿ ಮೊಣಕೈವರೆಗೆ ಎಳೆದಳು. ತೊಗಲು ಎಲ್ಲಿ ತೆಳು, ನರ ಎಲ್ಲಿ ಮೇಲೆ ಎಂದು ಆ ಕೈಗೆ ಹೇಳಿಕೊಡಬೇಕಾಗಿರಲಿಲ್ಲ. ರಕ್ತ ಕಾಗದದ ಮೇಲೆ ಚಿಮ್ಮಿ ಅಕ್ಷರ ಮುಚ್ಚಿತು. ಗೋವಿಂದಪ್ಪ ಕೈ ಎತ್ತಿ ಹಿಡಿದು, ಅದು ತನ್ನದೇ ಎಂದು ನಂಬದವನಂತೆ ನೋಡಿದ, ಆಮೇಲೆ ಅರಚಿದ.

ಆಗ ಬದು ಕದಲಿತು. ಗುದ್ದಲಿ, ಸನಿಕೆ, ಕೈಗೆ ಸಿಕ್ಕ ಸೌದೆ ಹಿಡಿದು ಕೇರಿ ಗದ್ದೆಗೆ ಇಳಿಯಿತು. ಒಬ್ಬ ಆಳಿನ ತಲೆ ಒಡೆಯಿತು, ಇನ್ನೊಬ್ಬನ ಹೆಗಲು ಜಾರಿತು. ಉಳಿದವರು ಗೋವಿಂದಪ್ಪನನ್ನು ಎಳೆದುಕೊಂಡು ಓಡಿದರು. ಪಟೇಲ ಮಾತ್ರ ಕಾರಿನೊಳಗೆ ಉಳಿದ. ಕೆಸರಿಗೆ ಕಾಲಿಡಲು ಅವನಿಗೆ ಧೈರ್ಯವಿರಲಿಲ್ಲ. ಮುನಿಬೈರಪ್ಪನ ತಮ್ಮ ಗುದ್ದಲಿ ಎತ್ತಿಕೊಂಡು ಬಾಗಿಲು ಕಿತ್ತ. ನೀಲಮ್ಮ ಅವನನ್ನು ಪಕ್ಕಕ್ಕೆ ತಳ್ಳಿದಳು.

ಪಟೇಲನ ಪಂಚೆ ಹಿಡಿದು ಎಳೆದು ಅವನನ್ನು ಕೆಸರಿಗೆ ಹಾಕಿದಳು. ಕಂಬಳಿ ಅವನ ಮೇಲೆ ಬಿತ್ತು. ಆಮೇಲೆ ಅವಳು ಕಾರಿನೊಳಗೆ ಹತ್ತಿ, ತಾನು ಹಾಕಿದ ಹೊಲಿಗೆಗಳನ್ನು ಒಂದೊಂದಾಗಿ ಕೊಯ್ಯತೊಡಗಿದಳು. ಮುಂದಿನದು, ಹಿಂದಿನದು, ಬೆನ್ನಿಗೆ ಆನುವುದು. ತೆಂಗಿನ ನಾರು ಹೊರಗೆ ಚೆಲ್ಲಿ, ಸ್ಪ್ರಿಂಗುಗಳು ಬತ್ತಲಾದವು. ತೊಗಲನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಇಳಿದಳು. ಅರ್ಧಚಂದ್ರವಿದ್ದ ತುಂಡನ್ನು ಮಾತ್ರ ಬೇರೆ ಕೊಯ್ದು ಪಟೇಲನ ಎದೆಯ ಮೇಲೆ ಎಸೆದಳು.

"ವಾಪಸ್ ತಗೋ ಅಂದ್ಯಲ್ಲ. ತಗೊಂಡಿವ್ನಿ. ಕಾರಲ್ಲಿ ನಿನಗೆ ಮೈಲಿಗೆಯಾಗೋದು ಈ ತೊಗ್ಲೊಂದೇ ಇದ್ದಿದ್ದು. ಆ ಬರೆ ನೀನು ಹಾಕಿದ್ದು, ನಿನ್ನ ಹತ್ರಾನೇ ಇರಲಿ. ನೆಲ ನಮ್ದು."

ಅವಳು ಅವನನ್ನು ಏಕವಚನದಲ್ಲಿ ಕರೆದದ್ದು ಏಟಿಗಿಂತ ಹೆಚ್ಚು ದಿನ ಊರಿನ ಬಾಯಲ್ಲಿತ್ತು.

ಆ ವಾರವೇ ಮುನಿಬೈರಪ್ಪನ ಗುಡಿಸಲಿಗೆ ಬೆಂಕಿ ಬಿತ್ತು. ಅಂಗಡಿಯವನು ಕೇರಿಯವರಿಗೆ ಉಪ್ಪನ್ನೂ ಕೊಡಲಿಲ್ಲ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದ ವರ್ಷ ಅದು. ಕಾನೂನು ಗಾಡಿಜಾಡಿನವರೆಗೂ ಬರಲಿಲ್ಲ. ಪೊಲೀಸರು ಬಂದು ನೀಲಮ್ಮನನ್ನು ಕರೆದೊಯ್ದು, ಮುಖ ಊದಿಸಿ ಕಳಿಸಿದರು. ಮುನಿಬೈರಪ್ಪನ ಬಲಗೈ ಮತ್ತೆ ಮಡಚಲಿಲ್ಲ. ಆದರೆ ಕಾಗದಕ್ಕೆ ಹೆಬ್ಬೆಟ್ಟು ಬೀಳಲಿಲ್ಲ. ಸುಟ್ಟ ಗುಡಿಸಲಿನ ಬೂದಿಯ ಮೇಲೆ ಕೂತು ಕೇರಿ ಒಂದು ಮಾತು ತೆಗೆದುಕೊಂಡಿತು: ಇನ್ನು ಊರಿನ ಸತ್ತ ದನವನ್ನು ನಾವು ಮುಟ್ಟುವುದಿಲ್ಲ.

ಭತ್ತ ಕೊಯ್ಲಿಗೆ ಬಂದ ಹೊತ್ತಿಗೆ ಪಟೇಲನ ಕೊಟ್ಟಿಗೆಯಲ್ಲಿ ಕರಾವಿನ ಎಮ್ಮೆ ಸತ್ತಿತು. ಕೇರಿಗೆ ಹೇಳಿ ಕಳಿಸಿದ, ಯಾರೂ ಬರಲಿಲ್ಲ. ಊರಿನವರನ್ನು ಕೇಳಿದ, ಅವರು ಮೂಗಿಗೆ ಬಟ್ಟೆ ಹಿಡಿದುಕೊಂಡು ಬಾಗಿಲು ಹಾಕಿಕೊಂಡರು. ಹೆಣ ಎಳೆಸಲು ಎತ್ತು ಕಟ್ಟಲು ಹೋದರೆ ನಾತಕ್ಕೆ ಅವು ಹಗ್ಗ ಹರಿದುಕೊಂಡವು. ಎಮ್ಮೆಯ ಹೊಟ್ಟೆ ಊದಿ ಕೊಟ್ಟಿಗೆಯ ಗೂಟ ಮುರಿಯಿತು. ಪಟೇಲನ ಮನೆಯಲ್ಲಿ ಒಲೆ ಹಚ್ಚಲಾಗಲಿಲ್ಲ.

ಮುನಿಬೈರಪ್ಪ ಎಡಗೈಯಲ್ಲಿ ಭತ್ತ ಕೊಯ್ಯುತ್ತಿದ್ದಾಗ ಏರಿಯ ಮೇಲೆ ಪರಿಚಿತ ಎಂಜಿನ್ನಿನ ಸದ್ದು ಕೇಳಿಸಿತು. ಎತ್ತು ಕಟ್ಟಿಸಿ ಜೌಗಿನಿಂದ ಮೇಲೆ ಎಳೆಸಿದ್ದ ಕಾರು ಅದೇ. ಗೋವಿಂದಪ್ಪನ ಕೈ ಇನ್ನೂ ಜೋಲಿಯಲ್ಲಿತ್ತು. ಓಡಿಸುತ್ತಿದ್ದವನು ಪಟೇಲ ನಂಜುಂಡಪ್ಪ, ಬತ್ತಲೆ ಸ್ಪ್ರಿಂಗುಗಳ ಮೇಲೆ ಒಂದು ಹಲಗೆ ಹಾಕಿಕೊಂಡು ಕೂತಿದ್ದ. ಹಿಂದೆ ಹಗ್ಗದಲ್ಲಿ ಎಮ್ಮೆಯ ಹೆಣ ಕಲ್ಲು ಕಲ್ಲಿಗೂ ಹಾರಿ ಬೀಳುತ್ತ ಬರುತ್ತಿತ್ತು.

ಗದ್ದೆಯ ನೇರಕ್ಕೆ ಬಂದಾಗ ಹಗ್ಗ ಹರಿಯಿತು. ಪಟೇಲ ಇಳಿದು ಬಂದು ನಿಂತ. ಗದ್ದೆಯಲ್ಲಿ ಕೇರಿಯ ಜನ ಬಗ್ಗಿ ಕೊಯ್ಯುತ್ತಿದ್ದರು. ಅವನು ಅವರನ್ನು ನೋಡಿದ. ಕೂಗಲು ಬಾಯಿ ತೆಗೆದ. ನೀಲಮ್ಮ ತಲೆ ಎತ್ತಿ, ಅವನ ಮುಖವನ್ನು ನೋಡುತ್ತ ಭತ್ತದ ಸಿವುಡಿಗೆ ಗಂಟು ಬಿಗಿದಳು.

ಪಟೇಲ ಬಾಯಿ ಮುಚ್ಚಿದ. ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ಹರಿದ ಹಗ್ಗದ ತುದಿ ಹಿಡಿದು, ಎಮ್ಮೆಯ ಕಾಲಿನ ಹತ್ತಿರ ಬಗ್ಗಿದ.