ಕುದಿಸಿದರೂ ಹೋಗದ್ದು

ನಾನು ವಾರ್ಡಿನ ದವಾಖಾನೆಯಲ್ಲಿ ನರ್ಸ್. ನೀರಿನ ವಿಷಯ ಬಂದಾಗಲೆಲ್ಲ ತಾಯಂದಿರಿಗೆ ಒಂದೇ ಮಾತು ಹೇಳುತ್ತಿದ್ದೆ: "ಕುದಿಸಿ ಆರಿಸಿ ಕೊಡಿ." ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು ಎಂದು ನನಗೆ ಗೊತ್ತಾದದ್ದು ನೀರಜ್ಜನ ಮನೆಯಲ್ಲಿ.

ನೀರಜ್ಜ ಎಂಬುದು ಬೀದಿಯವರು ಇಟ್ಟ ಹೆಸರು. ಅವರು ಮೂವತ್ತೊಂದು ವರ್ಷ ನಗರದ ನೀರು ಶುದ್ಧೀಕರಣ ಘಟಕದಲ್ಲಿ ದುಡಿದವರು. ಮರಳಿನ ತೊಟ್ಟಿ ತೊಳೆದವರು, ಕ್ಲೋರಿನ್ ಅಳೆದವರು. ಅವರ ಮನೆಗೆ ಯಾರೇ ಬರಲಿ, ಮೊದಲು ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕೊಡುತ್ತಿದ್ದರು. ಬಂದವರು ಅನುಮಾನದಿಂದ ಲೋಟ ನೋಡಿದರೆ, "ಕುಡೀರಿ, ನಾನೇ ಸೋಸಿದ್ದು" ಎನ್ನುತ್ತಿದ್ದರು. "ಹೆತ್ತೋರಿಗೆ ಹೆಗ್ಗಣ ಮುದ್ದು, ನೀರಜ್ಜಂಗೆ ನಲ್ಲಿ ಮುದ್ದು" ಎಂದು ಎದುರುಮನೆಯ ಕ್ಷೌರಿಕ ನಗುತ್ತಿದ್ದ.

ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ಮನೆಯಲ್ಲಿರುವವರು ಅಜ್ಜ, ಸೊಸೆ, ಮತ್ತು ಎಲ್ಲರೂ ಗುಬ್ಬಿ ಎಂದು ಕರೆಯುವ ಏಳು ತಿಂಗಳ ಹೆಣ್ಣುಕೂಸು. ಸೊಸೆ ಮನೆಯಲ್ಲೇ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಎದೆಹಾಲು ಸಾಲದೆ ಪುಡಿ ಹಾಲು ಶುರುವಾದಾಗ ಬೆಳಗಿನ ಹಾಲಿನ ಕೆಲಸವನ್ನು ಅಜ್ಜ ತಾವೇ ವಹಿಸಿಕೊಂಡರು. ಐದೂವರೆಗೆ ಎದ್ದು, ನಲ್ಲಿ ತಿರುಗಿಸಿ, ಮೊದಲು ಬಂದ ನೀರನ್ನೇ ಹಿಡಿದು, ಕುದಿಸಿ, ಆರಿಸಿ, ಹಾಲು ಕಲಸುತ್ತಿದ್ದರು. ಸೊಸೆ ಒಂದು ಗಂಟೆ ಹೆಚ್ಚು ಮಲಗಲಿ ಎಂಬ ಅಕ್ಕರೆ.

ಲಸಿಕೆಗೆ ಬಂದಾಗ ಗುಬ್ಬಿಯ ತೂಕ ಎರಡು ತಿಂಗಳಿಂದ ಏರಿರಲಿಲ್ಲ. ಕಣ್ಣಿನ ಒಳರೆಪ್ಪೆ ಬಿಳಚಿಕೊಂಡಿತ್ತು. ಡಾಕ್ಟರು ರಕ್ತಪರೀಕ್ಷೆ ಬರೆದರು. ಅದು ಹಳೆಯ ಕಟ್ಟಡಗಳ ಬೀದಿ, ಹಾಗಾಗಿ ಸೀಸವನ್ನೂ ನೋಡಲು ಹೇಳಿದರು. ರಕ್ತದಲ್ಲಿ ಸೀಸ ಸಿಕ್ಕಿತು.

"ಬರೀ ಹಾಲು ಕುಡಿಯೋ ಕೂಸು. ಅದರ ಹೊಟ್ಟೆಗೆ ಲೋಹ ಎಲ್ಲಿಂದ ಬಂತಕ್ಕಾ?" ಎಂದು ಸೊಸೆ ಕೇಳಿದಳು.

"ಹಳೇ ಪೇಂಟಿನ ಪುಡಿಯಿಂದ ಬರುತ್ತೆ. ನೀರಿಂದಲೂ ಬರುತ್ತೆ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗಲ್ಲ. ಜ್ವರ ಬರಲ್ಲ, ನೋವಿರಲ್ಲ. ಆದ್ರೆ ಇದು ಮೆದುಳು ಬೆಳೆಯೋ ವಯಸ್ಸು. ಸದ್ದಿಲ್ಲದೆ ಅದನ್ನೇ ಹಿಂದಕ್ಕೆ ಎಳೆಯುತ್ತೆ."

ಅವಳು ಗುಬ್ಬಿಯ ತಲೆ ಸವರಿದಳು. "ಮಾವನ ಮುಂದೆ ನೀರಿನ ಮಾತು ನಾನು ಹೇಗೆ ಎತ್ತಲಿ? ನೀವೇ ಬನ್ನಿ."

ಸಂಜೆ ಹೋದೆ. ಗೋಡೆಗೆ ಬರೀ ಸುಣ್ಣ, ಪೇಂಟಿನ ಗುರುತಿಲ್ಲ. ನನ್ನ ಅನುಮಾನ ನೀರಿನ ಕಡೆಗೇ ಹೋಯಿತು.

"ಅಜ್ಜ, ಗುಬ್ಬಿ ರಕ್ತದಲ್ಲಿ ಸೀಸ ಸಿಕ್ಕಿದೆ. ಒಂದ್ಸಲ ಈ ನಲ್ಲಿ ನೀರು ಪರೀಕ್ಷೆ ಮಾಡಿಸೋಣ."

ಅಜ್ಜ ಪೇಪರು ಮಡಚಿಟ್ಟರು. "ಈ ನೀರು ಹೊರಡೋ ಜಾಗದಲ್ಲಿ ದಿನಕ್ಕೆ ಆರು ಸಲ ಪರೀಕ್ಷೆ ಆಗುತ್ತಮ್ಮ. ನಾನೇ ಮಾಡಿದೀನಿ. ನಿನ್ನ ಥರ್ಮಾಮೀಟರನ್ನ ನಾನು ಯಾವತ್ತಾದ್ರೂ ಅನುಮಾನಿಸಿದ್ದುಂಟಾ?"

"ಹೊರಡೋ ಜಾಗದಲ್ಲಿ ಸರಿ. ಬಂದು ಸೇರೋ ಜಾಗದಲ್ಲಿ?"

"ಅದೇ ನೀರು ತಾನೆ. ಸಾಲದ್ದಕ್ಕೆ ಹತ್ತು ನಿಮಿಷ ಕುದಿಸ್ತೀನಿ, ಗಡಿಯಾರ ನೋಡ್ಕೊಂಡು. ನೀನೇ ಅಲ್ವಾ ಹೇಳಿದ್ದು?"

ನಾನೇ ಹೇಳಿದ್ದು. ಎದ್ದು ಬಂದೆ.

ಮರುದಿನ ಸೊಸೆ ಮಾವನ ಎದುರು ನಿಂತು ಹೇಳಿದಳಂತೆ: "ನೀವು ಬೈದ್ರೂ ಪರವಾಗಿಲ್ಲ ಮಾವ. ನಾನು ನೀರಿನ ಕಚೇರಿಗೆ ಹೋಗಿಬರ್ತೀನಿ." ಅಜ್ಜ ಬೈಯಲಿಲ್ಲ. ಮಾತೇ ಬಿಟ್ಟರು. ಎರಡು ದಿನ ಆ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ನೀರಿನ ಕಚೇರಿಯ ಪರೀಕ್ಷಕಿ ವಿಳಾಸ ನೋಡಿದ ಕೂಡಲೇ ತಾನೇ ಬರುತ್ತೇನೆ ಎಂದಳಂತೆ. ಇಪ್ಪತ್ತು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಕ್ಲೋರಿನ್ ಅಳೆಯುವುದನ್ನು ಕಲಿಸಿದ್ದು ಇದೇ ಅಜ್ಜ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಬಂದಳು. ನಾನೂ ಡ್ಯೂಟಿಗೆ ಹೋಗುವ ಮುನ್ನ ಹೋಗಿದ್ದೆ.

"ಗುರುಗಳೇ, ಬಾಟಲಿ ನೀವೇ ಹಿಡೀರಿ. ಕ್ರಮ ನಿಮಗಿಂತ ಯಾರಿಗೆ ಗೊತ್ತು?"

ಅಜ್ಜ ಮೂರು ಬಾಟಲಿ ತುಂಬಿಸಿದರು. ಒಂದರಲ್ಲಿ ನಲ್ಲಿಯಿಂದ ಬಂದ ಮೊದಲ ನೀರು. ಇನ್ನೊಂದರಲ್ಲಿ ಐದು ನಿಮಿಷ ಹರಿಸಿದ ಮೇಲಿನ ನೀರು. ಮತ್ತೊಂದು, ದೊಡ್ಡ ಪೈಪಿನಿಂದ ನೇರ ಬರುವ ಬೀದಿ ಕೊನೆಯ ನಲ್ಲಿಯದು. ಮೂರನ್ನೂ ಬೆಳಕಿಗೆ ಹಿಡಿದು ತೋರಿಸಿದರು. "ನೋಡು, ಕನ್ನಡಿ ಹಂಗಿದೆ."

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ ಗುರುಗಳೇ. ತಿಳಿಯಾಗಿರೋದೂ ಹಂಗೇ ಇರಬಹುದು," ಎಂದು ಅವಳು ಮುಚ್ಚಳ ಬಿಗಿ ಮಾಡಿದಳು.

ವಾರದ ನಂತರ ವರದಿ ತಂದಳು. ಅಜ್ಜ ಕನ್ನಡಕ ಹಾಕಿಕೊಂಡು ಓದಿದರು. ಬೀದಿ ನಲ್ಲಿಯ ನೀರು ಚೊಕ್ಕವಾಗಿತ್ತು. ಹರಿಸಿದ ನೀರಿನಲ್ಲಿ ಸ್ವಲ್ಪ ಸೀಸ. ಮೊದಲ ನೀರಿನಲ್ಲಿ ಮಿತಿಗಿಂತ ಆರು ಪಟ್ಟು.

"ನೀವು ಕಳಿಸಿದ ನೀರು ಚೆನ್ನಾಗೇ ಇತ್ತು ಗುರುಗಳೇ," ಎಂದಳು ಪರೀಕ್ಷಕಿ. "ಕೊನೇ ಇಪ್ಪತ್ತು ಹೆಜ್ಜೇಲಿ ಕೆಟ್ಟಿದೆ."

ಅಜ್ಜ ಒಂದು ಚಾಕು ತೆಗೆದುಕೊಂಡು ಮೆಟ್ಟಿಲ ಕೆಳಗಿನ ನೀರಿನ ಮೀಟರಿನ ಹತ್ತಿರ ಹೋದರು. ಬೀದಿಯಿಂದ ಬರುವ ಪೈಪಿನ ಮೇಲಿನ ಕೊಳೆಯನ್ನು ಒರೆಸಿ, ಚಾಕುವಿನ ತುದಿಯಿಂದ ಮೆಲ್ಲಗೆ ಗೀರಿದರು. ಬೆಣ್ಣೆ ಕೆರೆದ ಹಾಗೆ ಮೆತ್ತಗೆ ಸಿಪ್ಪೆ ಎದ್ದು, ಒಳಗೆ ಬೆಳ್ಳಿಯಂತೆ ಹೊಳೆಯಿತು. ಅದು ಸೀಸದ ಪೈಪು. ಕಟ್ಟಡದಷ್ಟೇ ಹಳೆಯದು.

"ರಾತ್ರಿಯಿಡೀ ನೀರು ಇದರಲ್ಲೇ ನಿಂತಿರುತ್ತೆ," ಎಂದಳು ಪರೀಕ್ಷಕಿ. "ನಿಂತಷ್ಟೂ ಸೀಸ ಬಿಡುತ್ತೆ."

"ನಾನು ಕುದಿಸ್ತಿದ್ದೆನಲ್ಲಮ್ಮ."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಲೋಹಕ್ಕೆ ಜೀವ ಎಲ್ಲಿದೆ ಸಾಯೋಕೆ? ಒಂದಷ್ಟು ನೀರು ಆವಿಯಾಗಿ ಹೋಗುತ್ತೆ, ಅದು ಮಾತ್ರ ಉಳಿದ ನೀರಲ್ಲೇ ಇರುತ್ತೆ."

ಅಜ್ಜ ಮೆಟ್ಟಿಲ ಮೇಲೆ ಕೂತರು. "ಮೂವತ್ತೊಂದು ವರ್ಷ ಊರಿಗೆಲ್ಲ ಒಳ್ಳೇ ನೀರು ಕೊಟ್ಟೆ. ನಮ್ಮನೆ ಕೂಸಿಗೆ ಮಾತ್ರ ನನ್ನ ಕೈಯಾರೆ..." ನನಗೂ ತಲೆ ಎತ್ತಲಾಗಲಿಲ್ಲ. ಕುದಿಸಿದರೆ ಸಾಕು ಎಂದು ಅವರನ್ನು ನಂಬಿಸಿದವಳು ನಾನು.

ಮಾರನೆಯ ದಿನದಿಂದ ಅಜ್ಜ ಹಾಲಿನ ಬಾಟಲಿ ಮುಟ್ಟಲಿಲ್ಲ. ಗುಬ್ಬಿಯನ್ನು ಎತ್ತಿಕೊಳ್ಳುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರಂತೆ. ನಾಲ್ಕು ದಿನ ಸೊಸೆ ಸಹಿಸಿಕೊಂಡಳು. ಐದನೆಯ ದಿನ ಬಾಟಲಿ ತಂದು ಅವರ ಕೈಗೇ ಇಟ್ಟಳು.

"ನೀರು ಬೀದಿ ಕೊನೆ ನಲ್ಲೀದು ಮಾವ, ಪರೀಕ್ಷೆ ಆಗಿರೋದು. ಕುದಿಸಿ ಆರಿಸಿದೀನಿ. ಹಾಲು ನೀವು ಕಲಸಿ. ನಾನು ಕಲಸಿದ್ರೆ ಗಂಟಾಗುತ್ತೆ, ಇವಳು ಉಗೀತಾಳೆ."

"ನನ್ನ ಕೈ ಬೇಡಮ್ಮ."

"ಗೊತ್ತಿಲ್ದೆ ಆಗಿದ್ದಕ್ಕೆ ಎಷ್ಟು ದಿನ ಮೂಲೆ ಹಿಡಿದು ಕೂತಿರ್ತೀರಿ? ಈ ಬೀದೀಲಿ ಇನ್ನೂ ಎಷ್ಟು ಮನೇಲಿ ಇದೇ ಪೈಪಿದೆಯೋ. ನಾನು ಹೋಗಿ ಹೇಳಿದ್ರೆ ಯಾರು ಕೇಳ್ತಾರೆ? ನೀವು ಹೇಳಿದ್ರೆ ಕೇಳ್ತಾರೆ."

ಅಜ್ಜ ಹಾಲು ಕಲಸಿದರು. ಅವತ್ತೇ ಮಧ್ಯಾಹ್ನ ಜೇಬಿನಲ್ಲಿ ಚಾಕು ಇಟ್ಟುಕೊಂಡು ಎದುರುಮನೆಗೆ ಹೊರಟರು. ಕ್ಷೌರಿಕ ಒಪ್ಪಲಿಲ್ಲ.

"ಮೂರು ತಲೆಮಾರು ಇದೇ ನೀರು ಕುಡಿದಿದೀವಿ ಅಜ್ಜ. ಯಾರೂ ಸತ್ತಿಲ್ಲ."

"ಸತ್ತಿಲ್ಲ, ಸರಿ," ಎಂದರು ಅಜ್ಜ. "ಓದಿದ್ದು ತಲೇಲಿ ನಿಲ್ತಿಲ್ಲ ಅಂತ ಎಷ್ಟು ಮಕ್ಕಳು ಏಟು ತಿಂದಿದಾರೋ, ಅದನ್ನ ಯಾರು ಎಣಿಸಿದಾರೆ? ಮೊನ್ನೆವರೆಗೂ ನಾನೂ ನಿನ್ನ ಹಾಗೇ ಮಾತಾಡ್ತಿದ್ದೆ. ಒಂದ್ಸಲ ಪೈಪು ಗೀರಿ ನೋಡೋಣ ಬಾ."

ಆ ಪೈಪೂ ಹೊಳೆಯಿತು. ತಿಂಗಳೊಳಗೆ ಹನ್ನೊಂದು ಮನೆಗಳ ನೀರು ಪರೀಕ್ಷೆಗೆ ಹೋಯಿತು, ಏಳರಲ್ಲಿ ಸೀಸವಿತ್ತು. ಎಲ್ಲರೂ ಸೇರಿ ಅರ್ಜಿ ಬರೆದರು. ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ, ಐದನೇ ತಿಂಗಳಲ್ಲಿ ಬೀದಿ ಅಗೆದು ಹೊಸ ಪೈಪು ಹಾಕಿದರು. ಮೂಲೆಮನೆಯವರು ಮಾತ್ರ ಇಂದಿಗೂ ತಮ್ಮ ಮೀಟರಿನ ಹತ್ತಿರ ಯಾರನ್ನೂ ಬಿಟ್ಟಿಲ್ಲ.

ಗುಬ್ಬಿಗೆ ಈಗ ಒಂದೂವರೆ ವರ್ಷ. ರಕ್ತದಲ್ಲಿ ಸೀಸ ಅರ್ಧಕ್ಕಿಂತ ಕೆಳಗಿಳಿದಿದೆ, ತೂಕ ಏರಿದೆ, ಮನೆ ತುಂಬ ಓಡಾಡುತ್ತಾಳೆ. ಮುಂದೆ ಏನೂ ಆಗುವುದಿಲ್ಲ ಎಂದು ಬರೆದುಕೊಡಲು ಮಾತ್ರ ನಮ್ಮಿಂದಾಗದು. ಶಾಲೆಗೆ ಸೇರುವವರೆಗೂ ಕರೆತರುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ. ಪ್ರತಿ ಸಲವೂ ಅಜ್ಜನೇ ಎತ್ತಿಕೊಂಡು ಬರುತ್ತಾರೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಲ್ಲಿ ನೀರೆಂದರೆ ಹೆದರಿ ಎಂದು ನಾನು ಹೇಳುತ್ತಿಲ್ಲ. ಕ್ರಿಮಿಯ ಅನುಮಾನವಿದ್ದರೆ ಕುದಿಸಿ, ಅದು ಇವತ್ತಿಗೂ ಸರಿಯಾದ ಮಾತು. ಆದರೆ ನಿಮ್ಮದು ಹಳೆಯ ಕಟ್ಟಡವಾದರೆ ಕುದಿಸಿ ಸುಮ್ಮನಾಗಬೇಡಿ. ಪೈಪು ಯಾವುದರದ್ದು ಎಂದು ನೋಡಿ, ನೀರನ್ನು ಪರೀಕ್ಷೆಗೆ ಕೊಡಿ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಅಡುಗೆಗೆ, ಕುಡಿಯಲು ಬಳಸಬೇಡಿ. ಕೆಲವು ನಿಮಿಷ ಹರಿಸಿ, ಆ ನೀರನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಬಿಸಿನೀರಿನಲ್ಲಿ ಸೀಸ ಬೇಗ ಕರಗುತ್ತದೆ, ಹಾಗಾಗಿ ಬಿಸಿನೀರಿನ ನಲ್ಲಿಯ ನೀರು ಕುಡಿಯಲು ಬೇಡವೇ ಬೇಡ. ಸೀಸ ಇದೆ ಎಂದು ಗೊತ್ತಾದರೆ ಹರಿಸಿದ್ದೂ ಸಾಲದು. ಪೈಪು ಬದಲಾಗುವವರೆಗೆ ಎಳೆಮಕ್ಕಳಿಗೆ, ಬಸುರಿಯರಿಗೆ ಪರೀಕ್ಷೆಯಾದ ಬೇರೆ ನೀರನ್ನೇ ಕೊಡಿ. ಫಿಲ್ಟರ್ ಕೊಳ್ಳುವುದಾದರೆ, ಅದು ಸೀಸವನ್ನು ತಡೆಯುತ್ತದೆಯೇ ಎಂದು ಕೇಳಿಯೇ ಕೊಳ್ಳಿ. ಮಗುವಿನ ರಕ್ತ ಪರೀಕ್ಷಿಸಲು ದವಾಖಾನೆಯಲ್ಲಿ ಕೇಳಿ, ಸಂಕೋಚ ಬೇಡ.

ನಿಮ್ಮ ಮನೆಯಲ್ಲೂ ನೀರಿನ ಮಾತೆತ್ತಿದರೆ ಬೇಸರಪಡುವ ಹಿರಿಯರು ಇರಬಹುದು. ಅವರ ಜೊತೆ ಜಗಳವಾಡಬೇಡಿ. ಅವರ ಕೈಗೇ ಒಂದು ಬಾಟಲಿ ಕೊಟ್ಟು, ಬೆಳಗಿನ ಮೊದಲ ನೀರನ್ನು ಹಿಡಿದುಕೊಡಲು ಹೇಳಿ. ಈ ವಾರವೇ ಹೇಳಿ.